ಸಾಹುಕಾರ ಕಲಿಸಿದ ಮೊದಲ ಕನ್ನಡ

ತುಂಗಭದ್ರೆ ಕಾಲುವಿ ಬದಿಗೆ ಒಂದೂರಿತ್ತು ಅಂತ ತಿಳ್ಕೊಳ್ರಿ. ಅಲ್ಲಿ ಅಕ್ಕಿ ಗಿರಣಿ ಇಟ್ಟ ಒಬ್ಬ ಸಾಹುಕಾರ. ಒಳ್ಳೆ ಮನುಷ್ಯ. ನೋಡ್ರಿ, ಕೆಟ್ಟವನ ಕಥಿ ಹೇಳಿದ್ರ ನೀವು ಪಕ್ಕದ ಮನಿಯವರನ್ನ ನೆನೆಸ್ಕೊಂತ ಆರಾಮ ಕುಂತುಬಿಡ್ತೀರಿ. ಅದಕ್ಕೇ ಒಳ್ಳೆಯವನ ಕಥಿ ಹೇಳ್ತೀನಿ.

ದೇಶದ ಗಡಿ ಆಚೆ ಗಲಭೆಯಾಗಿ, ಮನಿ ಸುಟ್ಟು, ಬರೀ ಜೀವ ಹಿಡ್ಕೊಂಡು ಬಂದ ಒಂದಿಷ್ಟು ಬಂಗಾಳಿ ಮಂದಿಗೆ ಊರ ಹೊರಗ ಸರ್ಕಾರ ಜಾಗ ಕೊಟ್ಟಿತ್ತು. ಅವರೊಳಗ ನಿತಾಯಿ ಅಂತ ಒಬ್ಬ, ತನ್ನ ಊರಾಗ ದೋಣಿ ನಡೆಸ್ತಿದ್ದವ. ಸಾಹುಕಾರ ಅವನಿಗೆ ಗಿರಣಿಯೊಳಗ ಕೆಲಸ ಕೊಟ್ಟ, ಖೋಲಿ ಕೊಟ್ಟ, ಹಾಸಿಗಿ ಕೊಟ್ಟ, ತಲಿ ಮ್ಯಾಲೆ ಫ್ಯಾನೂ ಹಾಕಿಸಿಕೊಟ್ಟ. ಆದ್ರ ಆ ಮನುಷ್ಯ ನಗವಲ್ಲ. ಮುಂದಿಟ್ಟ ಊಟ ಮುಂದೇ ಇರ್ತಿತ್ತು. ಗಿರಣಿ ಬೆಲ್ಟು ಪಟ್ ಅಂದ್ರ ಓಡಿಹೋಗಿ ಮೂಟಿ ಹಿಂದ ಅಡಗ್ತಿದ್ದ.

"ಅಲ್ಲ, ಫ್ಯಾನ್ ಹಾಕಿಸಿಕೊಟ್ಟೀನಿ. ಇನ್ನೂ ಎಂಥ ದುಃಖ ಇದು?" ಅಂತ ಸಾಹುಕಾರ ಹೆಂಡತಿ ಮುಂದ ಸಿಟ್ಟಾದ.

"ದುಃಖ ಏನು ಸೆಕೆಗೆ ಬರತೈತೇನ್ರಿ?" ಅಂದ್ಲು ಆಕಿ.

ಸಾಹುಕಾರ ದಿನಾ ಮುಂಜಾನಿ ನಿತಾಯಿ ಬೆನ್ನು ತಟ್ಟಿ, ನಗ್‌ನಗ್ತಾ, "ಮರೆತುಬಿಡು" ಅಂತಿದ್ದ. ಸಾಹುಕಾರ ಅಂದ ಮ್ಯಾಲೆ ಕೇಳಬೇಕಾ? ಹಮಾಲರು ಅಂದ್ರು, ಚಹಾದವ ಅಂದ. ಎಲ್ಲರದೂ ಅದೇ ಮಾತು, ಮರೆತುಬಿಡು. ಕನ್ನಡ ಬರದ ನಿತಾಯಿ ಏನಂತ ತಿಳ್ಕೊಂಡ? ಇದು ಈ ಊರಿನ ನಮಸ್ಕಾರ ಅಂತ ತಿಳ್ಕೊಂಡ.

ಗಿರಣಿ ತಪಾಸಣಿ ಮಾಡಾಕ ಬಂದ ಸರ್ಕಾರಿ ಸಾಹೇಬರಿಗೆ ಕೈ ಮುಗಿದು "ಮರೆತುಬಿಡು" ಅಂದ. ಸಾಹೇಬರು ಬಂದ ಕೆಲಸವನ್ನೇ ಮರೆತು ಹೋದರು. ಮದುವಿ ಮಂಟಪದಾಗ ಮದುಮಗನ ಕೈ ಹಿಡಿದು, ಮದುಮಗಳ ಎದುರಿಗೇ, "ಮರೆತುಬಿಡು" ಅಂದ. ಆ ಹುಡುಗಿ ಗಂಡನ ಕಡೆ ತಿರುಗಿ ಕೇಳಿದ್ಲು, "ಯಾರನ್ನ?"

ಊರೆಲ್ಲ ನಕ್ಕಿತು. ಎಲ್ಲರಿಗಿಂತ ಜಾಸ್ತಿ ಸಾಹುಕಾರ ನಕ್ಕ.

ಆಮ್ಯಾಲೆ ಸಾಹುಕಾರನ ತಾಯಿ ತೀರಿಕೊಂಡ್ಲು. ಮಂದಿ ಮಾತಾಡಿಸಾಕ ಬಂದ್ರು. ನಿತಾಯಿನೂ ಒಗೆದ ಅಂಗಿ ಹಾಕ್ಕೊಂಡು ಬಂದ. ಕಣ್ಣಾಗ ನೀರು ತಂದು, ಸಾಹುಕಾರನ ಕೈ ಹಿಡಿದು, "ಮರೆತುಬಿಡು" ಅಂದ.

"ಹೆತ್ತ ಅವ್ವನ್ನ ಮರೀಬೇಕೇನೋ? ಅದು ಹೆಂಗ ಬರತೈತಿ ನಿನ್ನ ಬಾಯಾಗ?"

ಹಂಗಂತ ಒದರಿದ ಸಾಹುಕಾರಗ ತಟ್ಟನೆ ಹೊಳೀತು. ಆ ಮಾತು ಅವನ ಬಾಯಿಗೆ ಹಾಕಿದವರು ಯಾರು?

ಹಂಗೇ ನೆಲದ ಮ್ಯಾಲೆ ಕುಂತ. ತಾಯಿ ಫೋಟೋ ತೋರಿಸಿ, ನಿತಾಯಿ ಕಡೆ ಬೆರಳು ಮಾಡಿ, "ನಿನ್ನ ಅವ್ವ?" ಅಂದ.

ನಿತಾಯಿ ಮಾತಾಡಾಕ ಶುರು ಮಾಡಿದ, ತನ್ನ ಭಾಷೆಯೊಳಗ. ಕೈಯಿಂದ ನದಿ ತೋರಿಸಿದ, ಬೆಂಕಿ ತೋರಿಸಿದ, ಹಿಡಿದ ಕೈ ನೀರಾಗ ಜಾರಿಹೋದದ್ದು ತೋರಿಸಿದ. ಸಾಹುಕಾರಗ ಒಂದು ಶಬ್ದನೂ ತಿಳೀಲಿಲ್ಲ. ಹೂಂ ಅಂದ. ಎಲ್ಲಿ ಹೂಂ ಅನಬೇಕು ಅಂತ ತಿಳೀದೆ, ಬ್ಯಾಡಾದ ಕಡೆಗೂ ಹೂಂ ಅಂದ. ಆದ್ರ ಎದ್ದು ಹೋಗಲಿಲ್ಲ. ಅತ್ತು ಮುಗಿಸಿದ ಮ್ಯಾಲೆ ಇಬ್ಬರಿಗೂ ಹೆಂಡತಿ ಬಡಿಸಿದ್ಲು. ಅವತ್ತು ನಿತಾಯಿ ಎರಡನೇ ಸಲ ಅನ್ನ ಹಾಕಿಸ್ಕೊಂಡ.

ಅಲ್ಲಿಗೆ ಎಲ್ಲ ಸರಿಹೋಯ್ತಾ? ಇಲ್ರಿ. ಬೆಲ್ಟು ಪಟ್ ಅಂದ್ರ ಆಮ್ಯಾಲೂ ಬೆಚ್ಚಿಬೀಳ್ತಿದ್ದ. ಎರಡೂ ಭಾಷೆ ಬಲ್ಲವರನ್ನ ಜೊತಿಗಿಟ್ಕೊಂಡು, ಮನಸ್ಸಿನ ಡಾಕ್ಟರ ಹತ್ರ ಸಾಹುಕಾರ ತಾನೇ ಕರಕೊಂಡು ಹೋದ, ಮತ್ತ ಮತ್ತ ಹೋದ. ದಾರಿಯೊಳಗ ತಾನೂ ನಾಲ್ಕು ಮಾತು ಕಲಿತ. ಕಡೀಗೊಂದು ದಿನ ನಿತಾಯಿ ಹೊಟ್ಟಿ ಹಿಡ್ಕೊಂಡು ನಕ್ಕ, ಸಾಹುಕಾರನ ಬಂಗಾಳಿ ಕೇಳಿ.

ಈಗ ನಿಮ್ಮ ಮಾತಿಗೆ ಬರೋಣ. ಊರು ಬಿಟ್ಟು, ದೇಶ ಬಿಟ್ಟು ಬಂದವರು ನಿಮ್ಮ ಮನಿಗೆ ಟೈಲ್ಸ್ ಹಾಕ್ತಾರ, ನಿಮ್ಮ ಗೇಟ್ ಕಾಯ್ತಾರ. ಹಳೇ ಬಟ್ಟಿ ಕೊಡ್ತೀರಿ, ಕೊಡ್ರಿ. ಉಪದೇಶ ಮಾತ್ರ ಕೊಡಬ್ಯಾಡ್ರಿ, ಅದು ನನ್ನ ಉದ್ಯೋಗ. ಹೆಸರು ಕೇಳ್ರಿ. ಮನಿಯಾಗ ಯಾರ್ಯಾರು ಇದ್ರು ಅಂತ ಕೇಳ್ರಿ. ಕೇಳಿದ ಮ್ಯಾಲೆ ಮೊಬೈಲ್ ನೋಡಬ್ಯಾಡ್ರಿ. ಊಟ, ನಿದ್ದಿ ಬಿಟ್ಟಿದ್ರ ಡಾಕ್ಟರ ಹತ್ರ ಜೊತಿಗೆ ಹೋಗ್ರಿ.

ಹೊರಗ ಮಠದ ಬಾಗಿಲಾಗ ನಿಮ್ಮ ಚಪ್ಪಲಿ ಕಾಯ್ತಾ ಕುಂತಾನಲ್ಲ, ಅವನೂ ನಮ್ಮ ಸೀಮೆಯವನಲ್ಲ. ಈ ಶ್ರಾವಣದ ಪ್ರವಚನ ಶುರುವಾದಾಗಿಂದ ಕಾಯಾಕತ್ಯಾನ. ಅವನ ಹೆಸರು ಗೊತ್ತಿದ್ದವರು ಕೈ ಎತ್ರಿ.

ಒಂದೂ ಇಲ್ಲ. ಹೋಗ್ರಿ, ಕೇಳಿಕೊಂಡು ಬರ್ರಿ. ಮಂಗಳಾರತಿ ಅಲ್ಲೀತನಕ ತಡೀತೈತಿ.