ಬೆಳಗಿನ ಅರ್ಧ, ಸಂಜೆಯ ಅರ್ಧ

…ಇಲ್ಲಮ್ಮ, ನಗೋ ವಿಷಯ ಅಲ್ಲ ಇದು. ಯಾಕೆ ನಗ್ತೀರಿ? ಕಳ್ಳತನ ಅಂದ್ರೆ ಬೀರು ಒಡೆಯೋದೇ ಆಗ್ಬೇಕಾ? ಎಲೆ ಕದ್ರೆ ಕಳ್ಳತನ ಅಲ್ವಾ? ಅದೂ ಸರ್ಕಾರದ ಎಲೆ! ನಾನು ಹೇಳಿದ್ದು ಹೇಳಿದ್ದೇ. ಹೊನ್ನಯ್ಯನೇ. ನೂರಕ್ಕೆ ನೂರು ಹೊನ್ನಯ್ಯನೇ. ಈ ಫಾರಂನಲ್ಲಿ ನಿಮ್ಮ ಸೂರ್ಯಕಾಂತಿ ಬೇಲಿಯೊಳಗೆ ಕಾಲಿಡೋರು ಯಾರು? ನೀವು, ನಾನು, ಮಾಲಿ ಹೊನ್ನಯ್ಯ. ನಿಮ್ಮ ಪ್ರಯೋಗ ನೀವೇ ಕೆಡಿಸ್ಕೋತೀರಾ? ಇಲ್ಲ. ಈ ಷಡಕ್ಷರಪ್ಪ? ಹತ್ತೊಂಬತ್ತು ವರ್ಷದಿಂದ ಫೀಲ್ಡ್ ಅಸಿಸ್ಟೆಂಟು, ಒಂದೇ ಒಂದು ಮೆಮೋ ತಗೊಂಡೋನಲ್ಲ. ಉಳಿದೋನು ಯಾರು, ನೀವೇ ಹೇಳಿ.

ಸಹಿ ಹಾಕಿಬಿಡಿ. ಟೈಪ್ ಮಾಡಿಸ್ಕೊಂಡೇ ಬಂದಿದೀನಿ, ನಿಮಗ್ಯಾಕೆ ತೊಂದ್ರೆ ಅಂತ. "ಸದರಿ ಮಾಲಿಯು ಪ್ರಯೋಗದ ಎಲೆಗಳನ್ನು ಬದಲಾಯಿಸಿರುತ್ತಾನೆಂದು ಬಲವಾದ ಅನುಮಾನವಿರುತ್ತದೆ." ಅಷ್ಟೇ. ಬೆಳಿಗ್ಗೆ ಟಪ್ಪಾಲಿನಲ್ಲಿ ಶಂಕರನಾರಾಯಣ ಸಾಹೇಬ್ರ ಟೇಬಲ್ಲಿಗೆ ಹೋಗಿಬಿಡುತ್ತೆ. ಬೇಗ ಹಾಕಿ ಅಮ್ಮ, ಹೊತ್ತು ಮುಳುಗೋದ್ರೊಳಗೆ ನಾನು ಕ್ವಾರ್ಟರ್ಸಿಗೆ ಹೊರಡ್ಬೇಕು.

ಏನಂದ್ರಿ? ಕೆಲಸ ಹೋಗುತ್ತಾ ಅವನದ್ದು? …ಹೋಗ್ಬಹುದು. ದಿನಗೂಲಿ ತಾನೆ. ಹನ್ನೊಂದು ವರ್ಷ ಆಯ್ತು, ಈ ಮಾರ್ಚಿಗೆ ಕಾಯಂ ಆರ್ಡರು ಬರ್ತಿತ್ತು, ನಿಜ. ಅಯ್ಯೋ ಪಾಪ ಅನ್ಬೇಡಿ! ನೀವು ಮೈಸೂರಲ್ಲಿ ಎಮ್ಮೆಸ್ಸಿ ಓದಿದೋರು, ಎಲೆಯ ಗುಣ ಗೊತ್ತು ನಿಮಗೆ. ಮನುಷ್ಯರ ಗುಣ ಗೊತ್ತಿಲ್ಲ. ನಮ್ಮ ಮನೆ ಹುಡುಗಿ ಇದ್ದ ಹಾಗಿದೀರಿ ಅಂತ ಹೇಳ್ತಾ ಇದೀನಿ. ಹೋದ ವರ್ಷ ಚೀನಾದೋರು ಏನು ಮಾಡಿದ್ರು? ಭಾಯಿ ಭಾಯಿ ಅಂತ ಹೆಗಲ ಮೇಲೆ ಕೈ ಹಾಕಿದೋರು! ಆವತ್ತಿಂದ ನಾನಂತೂ ಯಾರನ್ನೂ ನಂಬೋದು ಬಿಟ್ಟಿದೀನಿ.

ಸಾಹೇಬ್ರು ಏನು ನಡೀತು ಅಂತ ಕೇಳ್ತಾರೆ. ಹೇಳೋಕೆ ಎಷ್ಟು ಹೊತ್ತು? ಒಂದು ಎಲೆ. ನಡುವಿನ ನರದ ಗುಂಟ ಬ್ಲೇಡು. ಹೊತ್ತು ಹುಟ್ಟೋಕೆ ಮುಂಚೆ ಒಂದು ಅರ್ಧ ಕೊಯ್ದು, ಹಿತ್ತಾಳೆ ಅಚ್ಚಿನಿಂದ ಬಿಲ್ಲೆ ಹೊಡೆದು, ಪೊಟ್ಟಣ ಕಟ್ಟಿ ನಂಬರು ಹಾಕೋದು. ಇನ್ನರ್ಧ ಗಿಡದಲ್ಲೇ. ದಿನವಿಡೀ ಬಿಸಿಲು ಕುಡೀಲಿ. ಸಂಜೆ ಅದನ್ನೂ ಕೊಯ್ಯೋದು, ಅದೇ ಅಚ್ಚು, ಅಷ್ಟೇ ಬಿಲ್ಲೆ. ಎರಡನ್ನೂ ಒಲೆಪೆಟ್ಟಿಗೇಲಿ ಒಣಗಿಸಿ ತಕ್ಕಡಿಗೆ ಹಾಕಿದ್ರೆ, ಸಂಜೆಯ ಅರ್ಧ ಹೆಚ್ಚು ತೂಗ್ಬೇಕು. ಹೆಚ್ಚಾಗಿದ್ದೆಷ್ಟೋ ಅಷ್ಟು ಎಲೆ ಬಿಸಿಲಲ್ಲಿ ಅಡಿಗೆ ಮಾಡ್ಕೊಂಡಿದೆ ಅಂತ. ಸರಿಯಾಗಿ ಹೇಳಿದ್ನಾ? ಹತ್ತನೇ ಕ್ಲಾಸು ಫೇಲಾದೋನು ಇಷ್ಟು ಹೇಳ್ತೀನಿ ನೋಡಿ!

ಮೊದಲು ಸರಿಯಾಗೇ ಬರ್ತಿತ್ತು. ಈಗ ಮೂರು ವಾರದಿಂದ ಬೆಳಗಿನ ಅರ್ಧಕ್ಕೂ ಸಂಜೆಯ ಅರ್ಧಕ್ಕೂ ತೂಕ ಸಮ. ಆಕಾಶದಲ್ಲಿ ಮೋಡದ ಚೂರಿಲ್ಲ, ಬಿಸಿಲು ಅಂದ್ರೆ ಬಿಸಿಲು, ಎಲೆ ಮಾತ್ರ ಒಂದು ಮಿಲಿಗ್ರಾಂ ಏರಿಲ್ಲ. ಎಲೆ ಏನು ಸ್ಟ್ರೈಕ್ ಹೂಡಿದ್ಯಾ? ಇಲ್ಲ! ಸಂಜೆ ಪೊಟ್ಟಣ ಯಾರೋ ಬಿಚ್ಚಿ ಬೇರೆ ಎಲೆ ತುರುಕ್ತಾ ಇದಾರೆ. ಯಾರೋ ಏನು… ಅವನೇ.

ಯಾಕೆ ಮಾಡ್ತಾನೆ ಅಂದ್ರಾ? ಅದನ್ನೇ ನಾನೂ ಕೇಳೋದು. ಇನ್ನೊಂದು ವಿಷಯ ಹೇಳ್ತೀನಿ, ಬರೆದುಕೊಳ್ಳಿ. ಹೊನ್ನಯ್ಯ ಎರಡು ತಿಂಗಳಿಂದ ಭಾನುವಾರ ಭಾನುವಾರ ಭದ್ರಾವತಿ ರೈಲು ಹತ್ತುತಾನೆ. ಅವನಿಗೆ ಭದ್ರಾವತೀಲಿ ಯಾರಿದಾರೆ? ನಂಟರಾ, ಇಷ್ಟರಾ? ಯಾರೂ ಇಲ್ಲ! ಮತ್ಯಾಕೆ ಹೋಗ್ತಾನೆ?

…ನನಗೆ ಹೇಗೆ ಗೊತ್ತು ಅಂದ್ರೆ? ಗೊತ್ತು ಅಷ್ಟೆ. ಸ್ಟೇಷನ್ನಲ್ಲಿ ಯಾರೋ ನೋಡಿ ಹೇಳಿದ್ರು. ಯಾರು ಅನ್ನೋದು ಈಗ ಯಾಕೆ ಬಿಡಿ.

ಅದೇನಮ್ಮ ಬೇಯಿಸ್ತಾ ಕೂತಿದೀರಿ? ನಾನಿಲ್ಲಿ ಗಂಟಲು ಹರ್ಕೋತಾ ಇದೀನಿ, ನೀವು ಆ ಬೋಗುಣಿ ಬಿಟ್ಟು ತಲೆ ಎತ್ತಲ್ಲ. ವಾಸನೆ ನೋಡಿದ್ರೆ ಸ್ಪಿರಿಟ್ಟು. ಹಾಂ, ಎಲೆಯ ಹಸಿರು ಇಳಿಸ್ತಾ ಇದೀರಿ. ಆಮೇಲೆ ಅಯೋಡಿನ್ನು. ಗೊತ್ತು ನನಗೆ! ನೀವು ಬಂದ ಹೊಸದ್ರಲ್ಲಿ ನನ್ನ ಬುತ್ತಿ ಅನ್ನದ ಮೇಲೆ ಒಂದು ತೊಟ್ಟು ಹಾಕಿ ತೋರಿಸಿರಲಿಲ್ವಾ? ಪಿಷ್ಟ ಇದ್ದಲ್ಲಿ ನೀಲಿಗಪ್ಪು. ಆವತ್ತು ಮಹಾಂತಮ್ಮ ಕಟ್ಟಿಕೊಟ್ಟ ಬುತ್ತಿ ದಂಡ ಆಯ್ತು, ಮನೇಲಿ ಬೈಸ್ಕೊಂಡೆ.

ಇರಿ, ಅಲ್ಲೇ ಬರ್ತೀನಿ, ಹತ್ತಿರದಿಂದ… ಅಬ್ಬಾ! ಅಯ್ಯಯ್ಯೋ, ಮೊಣಕಾಲು! ಸ್ಟೂಲು ಯಾರು ಇಟ್ರು ಇಲ್ಲಿ? ಹೊನ್ನಯ್ಯನೇ ಇಟ್ಟಿರ್ತಾನೆ, ನೋಡಿ, ಬೇಕಂತಲೇ ದಾರಿಗೆ ಅಡ್ಡ…

ನೀವೇ ಇಟ್ಟಿದ್ದಾ? ನಾನು ಬಂದಾಗ್ಲೂ ಇಲ್ಲೇ ಇತ್ತಾ?

…ಇರಲಿ, ಇರಲಿ. ಬಲ್ಬು ಸುಟ್ಟು ಮೂರು ದಿನ ಆಯ್ತು, ಸ್ಟೋರಿನೋರಿಗೆ ಒಂದು ಬಲ್ಬು ಕೊಡೋ ಯೋಗ್ಯತೆ ಇಲ್ಲ. ಈ ಡಿಸೆಂಬರಲ್ಲಿ ಬೇರೆ ಆರು ಗಂಟೆಗೆಲ್ಲ ಕತ್ತಲು. ಇನ್ನೂ ಬೆಳಕಿದ್ಯಾ? ಕಿಟಕಿ ತೆಗೆದೇ ಇದ್ಯಾ? …ಹೂಂ, ಇದೆ ಇದೆ. ನಾನೂ ಅದನ್ನೇ ಅಂದೆ. ಸಹಿ ಮಾಡಿ.

ಯಾವ ಎಲೆ ಅದು? ಇವತ್ತು ಬೆಳಿಗ್ಗೆ ನಾನು ತಂದುಕೊಟ್ಟ ಪೊಟ್ಟಣದ್ದಾ! ಬೆಳಗಿನ ಅರ್ಧ ಯಾಕೆ ಪರೀಕ್ಷೆ ಮಾಡ್ತೀರಿ? ಕಳ್ಳತನ ಆಗಿರೋದು ಸಂಜೆ ಪೊಟ್ಟಣದಲ್ಲಿ. ಬೆಳಗಿನ ಪೊಟ್ಟಣ ನನ್ನ ಕೈಯಿಂದ ನೇರ ನಿಮ್ಮ ಕೈಗೆ ಬಂದಿದೆ. ನನ್ನ ಮೇಲೆ ಅನುಮಾನಾನಾ ನಿಮಗೆ? ಹೇಳಿಬಿಡಿ, ಅನುಮಾನ ಇದ್ರೆ!

…ಏನು? ಮತ್ತೊಂದ್ಸಲ ಹೇಳಿ. ರಾತ್ರಿ?

ರಾತ್ರಿ ಎಲೆ ಖಾಲಿ ಆಗುತ್ತಾ? ಹಗಲು ಮಾಡಿಟ್ಟ ಪಿಷ್ಟನೆಲ್ಲ ಕತ್ತಲಲ್ಲಿ ಸಕ್ಕರೆ ಮಾಡಿ ಕಾಂಡಕ್ಕೆ, ಬೇರಿಗೆ, ಹೂವಿಗೆ ಸಾಗಿಸಿಬಿಡುತ್ತಾ? ಯಾವ ಪುಸ್ತಕದಲ್ಲಿದೆ? ರಾತ್ರಿ ಗಿಡ ಮಲಗುತ್ತಮ್ಮ! ದೀಪ ಹಚ್ಚಿದ ಮೇಲೆ ಎಲೆ ಕೀಳ್ಬೇಡ, ಗಿಡ ಮಲಗಿದೆ, ಅಂತ ನಮ್ಮವ್ವ ಕೈ ಮೇಲೆ ಹೊಡೀತಿದ್ಲು. ನಿಮ್ಮ ಮನೇಲಿ ಹೇಳಲ್ವಾ? ಮಲಗಿರೋದು ಸಾಮಾನು ಹೊರುತ್ತಾ?

ಅಂದ್ರೆ… ನಸುಕಿನಲ್ಲಿ ಕೊಯ್ದ ಎಲೆಗೆ ಅಯೋಡಿನ್ ಹಾಕಿದ್ರೆ ಕಪ್ಪಾಗಲ್ಲ. ಬೆಳ್ಳಗೇ ಉಳಿಯುತ್ತೆ. ಹಿಂದಿನ ದಿನ ಸಂಜೆ ಕೊಯ್ದಿದ್ರೆ ಕಪ್ಪಾಗುತ್ತೆ… ಹೂಂ. ಹೂಂ.

ಗೊತ್ತಾಯ್ತು.

ಕೊಡಿ ಇಲ್ಲಿ, ನಾನೇ ನೋಡಿ ಹೇಳ್ತೀನಿ. ಎರಡು ತಟ್ಟೆ ಇದ್ಯಾ? ಇನ್ನೊಂದು ಯಾವುದು? …ನೀವೇ ಹೋಗಿ ಕೊಯ್ದಿದ್ದಾ? ಇವತ್ತಾ? ಎಷ್ಟು ಗಂಟೆಗೆ? ಐದೂವರೆ! ಹೆಣ್ಣುಮಗಳು ಒಬ್ಬರೇ ಆ ಕತ್ತಲಲ್ಲಿ ಗದ್ದೆಬದು ಮೇಲೆ… ಹಾವು ಗೀವು ಇರುತ್ತಮ್ಮ. ನಾನಾ? ನಾನು ಅಲ್ಲೇ ಇದ್ದೆ. ಆ ಕಡೆ ಸಾಲಲ್ಲಿ. ಮಂಜು ಬಿದ್ದಿತ್ತಲ್ಲ, ನಿಮಗೆ ಕಂಡಿರಲ್ಲ.

ತನ್ನಿ ತಟ್ಟೆ. ಹಾಂ. ನೋಡಿ! ನೋಡಿದ್ರಾ? ಎರಡೂ ಒಂದೇ! ನಿಮ್ಮದೂ ಬೆಳ್ಳಗೆ, ನನ್ನದೂ ಬೆಳ್ಳಗೆ. ಗಂಜಿ ತೆಳಿ ಹಾಗೆ. ಒಂದು ಚೂರೂ ಕಪ್ಪಿಲ್ಲ! ನಾನು ಹೇಳಿಲ್ವಾ? ಷಡಕ್ಷರಪ್ಪ ನಸುಕಿಗೆ ಅಂದ್ರೆ ನಸುಕಿಗೇ ಕೊಯ್ಯೋದು. ಈಗ್ಲಾದ್ರೂ ನಂಬಿಕೆ ಬಂತಾ? ಎಲ್ಲಿ ಪೆನ್ನು?

…ಅಮ್ಮ?

ಯಾಕಮ್ಮ ಸುಮ್ಮನಾದ್ರಿ? ಒಂದೇ ಥರ ಇದೆ ಅಂದೆ. ಅಲ್ವಾ?

ಮಾತಾಡಿ. ಬೇರೆ ಬೇರೆ ಇದ್ಯಾ? ಎಡಗಡೇದಾ? …ಬಲಗಡೇದಾ? ಸ್ವಲ್ಪ ಕಪ್ಪಾ? ತುಂಬಾನಾ?

ಬೈದುಬಿಡಿ ಬೇಕಾದ್ರೆ!

…ಆ ಸ್ಪಿರಿಟ್ ದೀಪ ಕಾಣುತ್ತೆ ನನಗೆ. ಕುಡಿ ಮಾತ್ರ ಕಾಣುತ್ತೆ. ಅದರ ಸುತ್ತ ಇರೋದೇನೂ ಕಾಣಲ್ಲ. ತಟ್ಟೆ ಕೈಯಲ್ಲಿದೆ ಅಂತ ಕೈಗೆ ಗೊತ್ತು, ಅಷ್ಟೆ. ಹಗಲೆಲ್ಲ ಚೆನ್ನಾಗಿದೆ, ದೇವರಾಣೆಗೂ, ಬಿಲ್ಲೇಲಿ ತೂತಿದ್ರೂ ಹೇಳ್ತೀನಿ. ಹೊತ್ತು ಇಳೀತು ಅಂದ್ರೆ ಮುಗೀತು. ನಸುಕಲ್ಲೂ ಅಷ್ಟೇ. ಅಕ್ಟೋಬರಿಂದ. ಯಾವ ಗಿಡಕ್ಕೆ ಕೆಂಪು ದಾರ ಕಟ್ಟಿದೆ, ಯಾವುದಕ್ಕೆ ಇಲ್ಲ, ಎಲೆ ಯಾವುದು, ನನ್ನ ಬೆರಳು ಯಾವುದು… ಒಂದಿನ ಬ್ಲೇಡು ಬೆರಳಿಗೇ ಹೋಯ್ತು. ಸಂಜೆ ಐದು ಗಂಟೆಗೆ ಇನ್ನೂ ಬೆಳಕಿರುತ್ತಲ್ಲ, ಆವಾಗ್ಲೇ ನಾಳೆಯ ಎಲೆಯ ಬೆಳಗಿನ ಅರ್ಧನೂ ಕೊಯ್ದು ಪೊಟ್ಟಣ ಕಟ್ಟಿಬಿಟ್ರೆ ಏನಾಗುತ್ತೆ ಅಂದ್ಕೊಂಡೆ. ರಾತ್ರಿಯೆಲ್ಲ ಗಿಡ ಮಲಗಿರುತ್ತೆ, ಸಂಜೆ ಕೊಯ್ದರೇನು, ಬೆಳಿಗ್ಗೆ ಕೊಯ್ದರೇನು ಅಂತ. ಮೋಸ ಮಾಡ್ಬೇಕು ಅಂತ ಅಲ್ಲಮ್ಮ. ತೂಕ ಅದೇ ಬರುತ್ತೆ ಅಂತ ನಂಬಿದ್ದೆ ನಾನು. ಸಂಜೆ ಕೊಯ್ದ ಆ ಅರ್ಧನೂ ಪಿಷ್ಟ ತುಂಬಿದ್ದೇ, ಅದಕ್ಕೇ ಎರಡೂ ಸಮ ತೂಗಿದ್ದು ಅಂತ ಈಗ ಗೊತ್ತಾಯ್ತು.

ಡಾಕ್ಟರಿಗೆ ತೋರಿಸಿದೆ. ಶಿವಮೊಗ್ಗದಲ್ಲಿ ತೋರಿಸಿದ್ರೆ ಸಂಜೆಯೊಳಗೆ ಆಫೀಸಿಗೆ ಸುದ್ದಿ. ಅದಕ್ಕೇ ಭದ್ರಾವತಿ. ಭಾನುವಾರ ಭಾನುವಾರ. ಹೂಂ… ಹೊನ್ನಯ್ಯನೇ ಕರ್ಕೊಂಡು ಹೋಗ್ತಿದ್ದ. ವಾಪಸು ರೈಲು ಬರೋ ಹೊತ್ತಿಗೆ ಕತ್ತಲಾಗ್ತಿತ್ತಲ್ಲ, ಮತ್ತೆ ಯಾರು ಕೈ ಹಿಡೀತಾರೆ? ಇರುಳುಗಣ್ಣು ಅಂದ್ರು. ಈ ವಯಸ್ಸಲ್ಲಿ ವಾಸಿ ಆಗೋದು ಕಷ್ಟ ಅಂದ್ರು. ನನಗೆ ಪೆನ್ಷನ್ನಿಗೆ ಇನ್ನು ಎರಡು ವರ್ಷ ನಾಲ್ಕು ತಿಂಗಳು. ಮೆಡಿಕಲ್ ಬೋರ್ಡಿಗೆ ಹೋಯ್ತು ಅಂದ್ರೆ ಮನೇನೂ ಇಲ್ಲ, ಕೆಲಸನೂ ಇಲ್ಲ.

ಭಯ ಅಮ್ಮ. ಬೇರೇನೂ ಅಲ್ಲ, ಬರೀ ಭಯ. ತೂಕ ತಪ್ಪಿತು, ನೀವು ಯಾಕೆ ಯಾಕೆ ಅಂತ ಕೇಳೋಕೆ ಶುರು ಮಾಡಿದ್ರಿ. ಯಾರಾದ್ರೂ ಒಬ್ಬರು ಸಿಕ್ಕಿಬೀಳ್ಲೇಬೇಕಿತ್ತು. ನನ್ನ ಕಣ್ಣಿನ ವಿಷಯ ಗೊತ್ತಿರೋನು ಅವನೊಬ್ಬನೇ. ಇವತ್ತಲ್ಲ ನಾಳೆ ಹೇಳೇ ಹೇಳ್ತಾನೆ, ಅವನು ಬಾಯಿ ಬಿಡೋಕೆ ಮುಂಚೆ ನಾನೇ… ಥೂ.

ಈಗ ಹೇಳಿ. ಅವನೇ ತಾನೆ ಹೇಳಿದ್ದು? ಅದಕ್ಕೇ ತಾನೆ ನೀವು ನಸುಕಲ್ಲಿ ಎದ್ದು ಹೋಗಿದ್ದು? ತಲೆ ಆಡಿಸ್ಬೇಡಿ ಅಮ್ಮ, ಕಾಣಲ್ಲ ನನಗೆ, ಬಾಯಲ್ಲಿ ಹೇಳಿ.

…ಇಲ್ವಾ?

ಒಂದು ಮಾತೂ ಹೇಳಿಲ್ವಾ? ನೀವು ಕೇಳಿದಾಗ್ಲೂ? ಎರಡು ಸಲ ಕೇಳಿದ್ರಾ? "ನನಗೆ ಗೊತ್ತಿಲ್ಲ, ನನ್ನಿಂದಲೇ ತಪ್ಪಾಗಿರಬಹುದು" ಅಂದ್ನಾ? ಹಾಗಂದ್ನಾ ಅವನು!

ಆ ಕಾಗದ ಕೊಡಿ ಇಲ್ಲಿ. ಎಲ್ಲಿದೆ? ನನ್ನ ಕೈಗೆ ಕೊಡಿ, ಹರಿದುಹಾಕ್ತೀನಿ. ಅವನಿಗೆ ಗೊತ್ತಾಗೋದು ಬೇಡ. ದಯವಿಟ್ಟು ಅಮ್ಮ, ನನ್ನ ಕಣ್ಣಿನ ವಿಷಯ ಸಾಹೇಬ್ರಿಗೆ ಬರೀರಿ, ಬೇಕಾದ್ರೆ ಇವತ್ತೇ ಬರೀರಿ. ನಾನು ಏನಂದೆ ಅನ್ನೋದು ಮಾತ್ರ ಹೊನ್ನಯ್ಯನಿಗೆ ಹೇಳ್ಬೇಡಿ. ಈಗ ಬರ್ತಾನೆ ಅವನು. ದಿನಾ ಇದೇ ಹೊತ್ತಿಗೆ ಬರ್ತಾನೆ, ನನ್ನನ್ನ ಕಾಲುವೆ ದಾಟಿಸಿ ಕ್ವಾರ್ಟರ್ಸಿಗೆ ಬಿಡೋಕೆ. ಬಂದ್ರೆ ಕೂಗ್ತಾನೆ… ಇಲ್ಲ, ಕೂಗಲ್ಲ. ಅವನು ಯಾವತ್ತೂ ಕೂಗಲ್ಲ. ಬಂದು ಸುಮ್ಮನೆ ನಿಂತ್ಕೋತಾನೆ.

ಅಮ್ಮ… ಬಾಗಿಲ ಹತ್ರ ಯಾರಾದ್ರೂ ಇದಾರಾ?

ನಿಮ್ಮನ್ನೇ ಕೇಳ್ತಿರೋದು. …ಇದಾನಾ?

ಯಾವಾಗಿಂದ ನಿಂತಿದಾನೆ?