ಮೊಮ್ಮಗಳು ಓದುವಾಗ ಕನ್ನಡಕ ಬೇಡ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಪೇಪರು ಬಿಡಿಸಿ ಕೂತಿದ್ದ ಗುಮಾಸ್ತರೊಬ್ಬರು ಒಂದಕ್ಷರವನ್ನೂ ಓದುತ್ತಿರಲಿಲ್ಲ. ಅವರ ಕಿವಿಯೆಲ್ಲ ಪಕ್ಕದ ಅತ್ತೆ-ಸೊಸೆಯ ಮಾತಿನ ಮೇಲಿತ್ತು. ಅತ್ತೆಗೆ ಪೊರೆ ತೆಗೆದು ತಿಂಗಳಾಗಿತ್ತು. ಅಕ್ಷರ ಕಾಣಲು ಇವತ್ತು ಕನ್ನಡಕ ಬರೆಸಬೇಕಿತ್ತು.

"ನಿಮ್ಮ ಪುಣ್ಯ ಅತ್ತೆ, ನಿನ್ನೆ ಪುಟ್ಟಿ ಕ್ಲಾಸಲ್ಲಿ ಇಡೀ ಪಾಠ ತಪ್ಪಿಲ್ಲದೆ ಓದಿದ್ಲಂತೆ. ಮಿಸ್ಸೇ ಕರೆದು ಹೇಳಿದ್ರು."

"ನಾನೇನ್ ಮಾಡ್ದೆ? ಕಣ್ಣು ಕಾಣಲ್ಲ, ಕಥೆ ಓದು ಪುಟ್ಟಿ ಅಂದೆ."

"ನಾನು ಒಂದು ತಪ್ಪಿಗೇ ಮೇಲೆ ಬೀಳ್ತಿದ್ದೆ. ಹೆದರಿ, ಚಿತ್ರ ನೋಡ್ಕೊಂಡು ಬಾಯಿಗೆ ಬಂದದ್ದು ಹೇಳ್ತಿದ್ಲು."

"ನನ್ ಹತ್ರಾನೂ ಹೇಳಿದ್ಲು. ನರಿ ಬಾವಿಗೆ ಬಿದ್ದು ಮಲಗಿತು ಅಂದ್ಲು. ನೀರಲ್ಲಿ ಹೇಗೆ ಮಲಗುತ್ತೆ ಕಂದಾ, ಇನ್ನೊಂದ್ಸಲ ನೋಡು ಅಂದೆ. ಬೆರಳಿಟ್ಟು ನೋಡಿ, ಮುಳುಗಿತು ಅಜ್ಜಿ ಅಂದ್ಲು. ಪಾಪದ ನರಿ, ನಾವಿಬ್ರೂ ನಕ್ಕಿದ್ದೇ ನಕ್ಕಿದ್ದು."

ಸೊಸೆ ದನಿ ತಗ್ಗಿಸಿದಳು. "ಕನ್ನಡಕ ಬಂದ್ರೆ ಇನ್ನು ನೀವೇ ಓದ್ಕೋತೀರಿ. ಅವಳು ಮತ್ತೆ ನನ್ನ ಕೈಗೆ ಸಿಕ್ಕಿ..."

"ಅಯ್ಯೋ ಹುಚ್ಚಿ! ಕನ್ನಡಕ ನಿನ್ನ ಬೀರೂನಲ್ಲಿಡು. ಅವಳು ಸ್ಕೂಲಿಗೆ ಹೋದ್ಮೇಲೆ ತೆಗೆದುಕೊಡು."

ನರ್ಸು ಅವರ ನಂಬರು ಕೂಗಿದಳು. ಸೊಸೆ ಕಣ್ಣೊರೆಸಿಕೊಂಡು ಕೈ ನೀಡಿದಳು.

"ಡಾಕ್ಟರ ಹತ್ರ ನಿಜ ಹೇಳೋಣ," ಎನ್ನುತ್ತ ಅತ್ತೆ ಎದ್ದರು, "ಅಜ್ಜಿಗೆ ಕಾಣುತ್ತೆ ಅಂತ ಮನೇಲಿ ಮಾತ್ರ ಉಸಿರೆತ್ತಬೇಡ."