ಉಲ್ಟಾ ಕೂರಿಸಿದ ಫ್ಯಾನು

ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳೋ ವಿಷಯ ಅಲ್ಲ... ನಮ್ಮ ಸ್ವಂತ ಭಾವನಿಗೇ ಆಗಿದ್ದು.

ಭಾವ ಹೆಲ್ತ್ ಇನ್‌ಸ್ಪೆಕ್ಟರು. ಬಿಳಿ ಅಂಗಿಯ ಶೋಕಿ ಬೇರೆ. ಇಸ್ತ್ರಿ ಮಾಡಿ ಮಾಡಿಯೇ ಅಕ್ಕ ಸೊರಗಿದಳು. ಕಲ್ಲು ಪಾಲಿಶ್ ಮಾಡೋ ಶೆಡ್ಡಿಗೆ ತಪಾಸಣೆಗೆ ಹೋದರೆ, ಅಂಗಿ ಕೊಳೆಯಾಗುತ್ತೆ ಅಂತ ಬಾಗಿಲು ದಾಟುತ್ತಿರಲಿಲ್ಲ. ಧೂಳು ಹೊರಗೆಳೆಯೋ ಫ್ಯಾನಿನ ಸದ್ದು ಕೇಳಿಸಿದರೆ ಸಾಕು, ಪಾಸು. ಅಲ್ಲಿನ ಕೆಲಸಗಾರನೊಬ್ಬ ಪ್ರತಿ ಸಲ ಕೆಮ್ಮುತ್ತಾ ಕರೀತಿದ್ದ, "ಒಳಗ್ ಬಂದ್ ನೋಡಿ ಸಾರ್."

"ಮುಂದಿನ್ ಸಲ ಕಣಪ್ಪಾ."

ಅವನು ಸತ್ತ. ಶ್ವಾಸಕೋಶದ ತುಂಬ ಕಲ್ಲಿನ ಪುಡಿ. ಆಮೇಲೆ ಗೊತ್ತಾಯಿತು, ಫ್ಯಾನನ್ನು ಉಲ್ಟಾ ಕೂರಿಸಿದ್ದರು. ಧೂಳನ್ನು ಅದು ವರ್ಷಗಟ್ಟಲೆ ಒಳಕ್ಕೇ ತಳ್ಳಿತ್ತು. ಶೆಡ್ಡಿಗೆ ಬೀಗ ಬಿತ್ತು, ಕರೆಂಟೂ ಕಿತ್ತರು. ಭಾವನಿಗೆ ಅನ್ನ ಸೇರದಾಯಿತು.

ಮತ್ತೆ ತೆರೀಬೇಕು ಅಂತ ಮಾಲೀಕ ಓಡಾಡುತ್ತಿದ್ದ ಸಮಯ. ಭಾವ ತಡವಾಗಿ ಮನೆಗೆ ನಡೆದು ಬರ್ತಿದ್ದಾರೆ. ಶೆಡ್ಡಿನ ಪಕ್ಕದ ಹಾಳು ಬಾವಿ ದಾಟಿದರು, ಅಷ್ಟೇ... ಗರ್ರ್... ಗರ್ರ್... ಫ್ಯಾನು ಓಡ್ತಿದೆ. ಬೀಗ ಹಾಗೇ ಇದೆ. ಕತ್ತರಿಸಿದ ತಂತಿ ಕಂಬದಲ್ಲಿ ನೇತಾಡ್ತಿದೆ. ಆಮೇಲೆ ಒಣ ಕೆಮ್ಮು... ಖೊಕ್... ಖೊಕ್...

"ಒಳಗ್ ಬರ್ತೀರಾ ಸಾರ್?"

ಭಾವ ರಸ್ತೆಯಲ್ಲೇ ನಿಂತು ಅಂದರು, "ಶೆಡ್ ತೆಗೆಯೋಕ್ ಬಿಡಲ್ಲ ಕಣಪ್ಪಾ. ನನ್ನಾಣೆ."

ಒಳಗಿಂದ ಮತ್ತೆ ಖೊಕ್... ಖೊಕ್...

"ತೆಗೀತಾರೆ ಸಾರ್. ನನ್ ತಮ್ಮ ಕೆಲಸಕ್ ಬರ್ತಾನೆ." ಆ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಭಾವ ಎದ್ದೆನೋ ಬಿದ್ದೆನೋ ಅಂತ ಓಡಿದರು. ಮರುದಿನ ಆಫೀಸಿನಲ್ಲಿ, ಒಪ್ಪಿಗೆ ಕೊಡೋದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ಕೊಡಲೂ ಇಲ್ಲ. ಅವರನ್ನು ಬೇರೆ ವಿಭಾಗಕ್ಕೆ ಎತ್ತಿಹಾಕಿದರು. ಹೊಸಬ ಬಂದ, ಬಾಗಿಲಲ್ಲೇ ನಿಂತ, ಫ್ಯಾನಿನ ಸದ್ದು ಕೇಳಿದ, ಪಾಸು ಮಾಡಿದ.

ಸತ್ತವನ ತಮ್ಮ ಈಗ ಅಲ್ಲೇ ಪಾಲಿಶ್ ಮಾಡ್ತಾನೆ. ಭಾವ ಅವನ ಮನೆಗೇ ಹೋಗಿ ಕೈ ಮುಗಿದರು, ಬೇಡಪ್ಪಾ ಬಿಡು ಅಂತ. "ಅಣ್ಣನ ಮಕ್ಕಳನ್ನ ಯಾರ್ ಸಾಕ್ತಾರೆ ಸಾರ್, ನೀವಾ?" ಅಂದನಂತೆ. ಅವನಿಗೂ ಕೆಮ್ಮು ಹಿಡಿದಿದೆ. ಏನೂ ಮಾಡೋ ಹಾಗಿಲ್ಲ.

ಇನ್ನೊಂದು ಮಾತು, ನಗಬೇಡಿ... ಭಾವ ಆ ಶೆಡ್ಡಿನೊಳಗೆ ಇವತ್ತಿನವರೆಗೂ ಕಾಲಿಟ್ಟವರಲ್ಲ. ಆದರೆ ಬೆಳಿಗ್ಗೆ ಅಕ್ಕ ಅವರ ದಿಂಬು ಕೊಡವಿದರೆ ಕಲ್ಲಿನ ಪುಡಿ ಉದುರುತ್ತೆ. ಸುಳ್ಳಲ್ಲ, ನಾನೇ ಮುಟ್ಟಿ ನೋಡಿದೀನಿ. ತಣ್ಣಗಿರುತ್ತೆ.